ಯಾವುದರ ಮೂರನೇ ಒಂದು?

ಮುಂಬೈನ ಲೋವರ್ ಪರೇಲ್‌ನಲ್ಲಿ ಇವತ್ತು ಕಾಣೋದು ಮಾಲು, ಗಾಜಿನ ಕಟ್ಟಡ, ನಡುವೆ ಅಲ್ಲೊಂದು ಇಲ್ಲೊಂದು ಹಳೇ ಚಿಮಣಿ. ನಾವು ಟಿವಿಯವರೇನು ಕಮ್ಮಿ? ಕಮಲಾ ಮಿಲ್ಸ್ ಆವರಣದಲ್ಲಿ ನೂಲು ನಿಂತ ಮೇಲೆ ನ್ಯೂಸ್ ಸ್ಟುಡಿಯೋ ಬಂತು. ಈ ಇಡೀ ಪ್ರದೇಶಕ್ಕೆ ಜನ ಇಟ್ಟ ಹೆಸರು ಗಿರಣಗಾಂವ್, ಅಂದ್ರೆ ಗಿರಣಿಗಳ ಊರು.

1982ರ ಜನವರಿ 18ರಂದು ದತ್ತಾ ಸಾಮಂತ್ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರಕ್ಕಿಳಿದರು. ಮುಷ್ಕರ ಸೋತಿತು ಅನ್ನೋದು ಎಲ್ಲರಿಗೂ ಗೊತ್ತು. ಆಮೇಲೆ ಜಮೀನು ಏನಾಯ್ತು? ಕಥೆ ಇರೋದೇ ಅಲ್ಲಿ.

1991ರ ನಿಯಮದ ಪ್ರಕಾರ ಗಿರಣಿ ಜಮೀನಿನಲ್ಲಿ ಹೊಸದಾಗಿ ಕಟ್ಟಬೇಕಾದರೆ ಹೆಚ್ಚೂಕಮ್ಮಿ ಮೂರು ಪಾಲು ಮಾಡಬೇಕಿತ್ತು. ಒಂದು ಮಾಲೀಕರಿಗೆ, ಒಂದು ಮೈದಾನ-ಉದ್ಯಾನಕ್ಕೆಂದು ಪಾಲಿಕೆಗೆ, ಇನ್ನೊಂದು ಮನೆ ಕಟ್ಟೋಕೆ ಸರ್ಕಾರದ ವಸತಿ ಮಂಡಳಿ ಮ್ಹಾಡಾಗೆ. 2001ರಲ್ಲಿ ತಿದ್ದುಪಡಿ ಬಂತು: ಪಾಲು ಮಾಡಬೇಕಾದ್ದು ಖಾಲಿ ಜಾಗವನ್ನು ಮಾತ್ರ! ನಾನು ಇಂಜಿನಿಯರಿಂಗ್ ಓದಿದವಳು. ಮೂರನೇ ಒಂದು ಅಂದ ಕೂಡಲೇ ಯಾವುದರ ಮೂರನೇ ಒಂದು ಅಂತ ಕೇಳ್ತೀನಿ. ಹತ್ತು ಎಕರೆ ಗಿರಣಿಯಲ್ಲಿ ಎಂಟು ಎಕರೆ ಶೆಡ್ಡೇ ಇದೆ ಅಂತಿಟ್ಟುಕೊಳ್ಳಿ. ಪಾಲಿಗೆ ಉಳಿಯೋದು ಎರಡೇ ಎಕರೆ. ನಾಳೆ ಶೆಡ್ ಕೆಡವಿದರೂ ಆ ಎಂಟು ಎಕರೆ ಲೆಕ್ಕಕ್ಕಿಲ್ಲ. 2005ರಲ್ಲಿ ಬಾಂಬೆ ಹೈಕೋರ್ಟ್ ಇದನ್ನು ಒಪ್ಪಲಿಲ್ಲ. 2006ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನೇ ಎತ್ತಿಹಿಡಿಯಿತು.

ಕಾಗದದಲ್ಲಿ ಶೆಡ್ ಇತ್ತು, ಖಾಲಿ ಜಾಗ ಇತ್ತು, ಜನ ಇರಲಿಲ್ಲ. ಆ ಜನರನ್ನು ಹುಡುಕಿಕೊಂಡು ಹೋದವರು ನೀರಾ ಅಡಾರ್ಕರ್ ಮತ್ತು ಮೀನಾ ಮೆನನ್. ಒಬ್ಬರು ವಾಸ್ತುಶಿಲ್ಪಿ, ಇನ್ನೊಬ್ಬರು ಕಾರ್ಮಿಕ ಹೋರಾಟದವರು. ಚಾಳಿನ ಜನರ ಬಾಯಿಂದಲೇ ಕೇಳಿ ಬರೆದುಕೊಂಡ ನೆನಪುಗಳು 2004ರಲ್ಲಿ 'ಒನ್ ಹಂಡ್ರೆಡ್ ಇಯರ್ಸ್, ಒನ್ ಹಂಡ್ರೆಡ್ ವಾಯ್ಸಸ್' ಅಂತ ಪುಸ್ತಕವಾದವು. ಗಿರಣಗಾಂವ್ ಅಂದ್ರೆ ಬರೀ ಮಗ್ಗ ಅಲ್ಲ ಅಂತ ಅಲ್ಲಿ ತಿಳಿಯುತ್ತೆ. ಶಾಹೀರರ ಹಾಡು, ಗಣೇಶೋತ್ಸವ, ಪಾಳಿ ಪ್ರಕಾರ ಸರದಿಯಲ್ಲಿ ಮಲಗೋ ಪುಟ್ಟ ಖೋಲಿ. ಮತ್ತೆ ಖಾನಾವಳಿ! ನಮ್ಮ ಹುಬ್ಬಳ್ಳಿ ಕಡೆಯವರಿಗೆ ಅದನ್ನ ಬಿಡಿಸಿ ಹೇಳಬೇಕಿಲ್ಲ. ಕೊಂಕಣದಿಂದ, ಸಾತಾರದಿಂದ ಒಂಟಿಯಾಗಿ ಬಂದ ಗಂಡಸರಿಗೆ ಅಲ್ಲಿ ಊಟ ಹಾಕಿದವರು ಹೆಂಗಸರು.

ಇತ್ತ ಕಾರ್ಮಿಕ ಸಂಘಟನೆಗಳು ಮನೆಗಾಗಿ ಬೀದಿಗಿಳಿದೇ ಇದ್ದವು. 2012ರಲ್ಲಿ ಮ್ಹಾಡಾ ಲಾಟರಿ ಎತ್ತಿತು. ಇದ್ದ ಮನೆ ಏಳು ಸಾವಿರಕ್ಕೂ ಕಮ್ಮಿ, ಅರ್ಜಿ ಲಕ್ಷಕ್ಕೂ ಮೇಲೆ. 1982ರ ಜನವರಿ 1ರಂದು ಅಥವಾ ಆಮೇಲೆ ಗಿರಣಿಯಲ್ಲಿ ಕೆಲಸದಲ್ಲಿದ್ದೆ ಅನ್ನೋದಕ್ಕೆ ದಾಖಲೆ ತೋರಿಸಬೇಕಿತ್ತು. ಖಾನಾವಳಿಯಲ್ಲಿ ರೊಟ್ಟಿ ತಟ್ಟಿದವಳ ಹೆಸರು ಗಿರಣಿಯ ಯಾವ ಹಾಜರಿ ಪುಸ್ತಕದಲ್ಲಿರುತ್ತೆ, ಹೇಳಿ?