ಕೀವು ಮೊದಲು, ಕಲ್ಲು ಆಮೇಲೆ

ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರವಾಹಿನಿಯು 25ರಿಂದ 30 ಸೆಂಟಿಮೀಟರ್ ಉದ್ದದ, ಒಳಗೆ ಕೇವಲ ಮೂರ್ನಾಲ್ಕು ಮಿಲಿಮೀಟರ್ ಅಗಲದ ನಳಿಕೆ. ಅದರಲ್ಲಿ ಹರಳೊಂದು ಸಿಕ್ಕಿಕೊಂಡಾಗ ಬರುವ ನೋವು ಎಷ್ಟೇ ಘೋರವಾಗಿದ್ದರೂ ಸಾಮಾನ್ಯವಾಗಿ ಪ್ರಾಣಕ್ಕೆ ಎರವಾಗುವಂಥದ್ದಲ್ಲ. ಆದರೆ ಹರಳಿನ ಹಿಂದೆ ತಡೆದು ನಿಂತ ಮೂತ್ರಕ್ಕೆ ಸೋಂಕು ತಗುಲಿತೆಂದರೆ, ಕೆಲವೇ ಗಂಟೆಗಳಲ್ಲಿ ನಂಜು ರಕ್ತಕ್ಕೇರಿ ರಕ್ತದೊತ್ತಡ ಕುಸಿಯುವ, ಸೆಪ್ಸಿಸ್ ಎಂದು ಕರೆಯಲಾಗುವ ಸ್ಥಿತಿ ಉಂಟಾಗಬಹುದು. ಧಾರವಾಡ ರೈಲು ನಿಲ್ದಾಣದ ಆಸುಪಾಸಿನ ಮಾಳಮಡ್ಡಿಯಂಥ ಹಳೆಯ ಬಡಾವಣೆಗಳಲ್ಲಿ ಹರಳಿಗೆ ಹುರುಳಿಯ ಕಟ್ಟು, ಬಾಳೆದಿಂಡಿನ ರಸ, ಎಳನೀರು ಎಂಬ ಉಪಚಾರ ಮನೆಮಾತು. ಐದು ಮಿಲಿಮೀಟರ್‌ಗಿಂತ ಚಿಕ್ಕ ಹರಳುಗಳು ಬಹುಮಟ್ಟಿಗೆ ತಾವಾಗಿಯೇ ಜಾರಿಹೋಗುವುದರಿಂದ ಈ ಉಪಚಾರಗಳಿಗೆ ಒಳ್ಳೆಯ ಹೆಸರೂ ಬಂದಿದೆ. ಪಕ್ಕೆನೋವಿನ ಜೊತೆಗೆ ಚಳಿ ನಡುಕ, ಜ್ವರ ಕಾಣಿಸಿಕೊಂಡ ಮೇಲೆ ಮಾತ್ರ ಲೆಕ್ಕ ತಿರುವುಮುರುವಾಗುತ್ತದೆ, ಏಕೆಂದರೆ ಬಾಯಿ ಕಟ್ಟಿದ ಕೊಳವೆಗೆ ಮೇಲಿನಿಂದ ನೀರು ಹೊಯ್ದಷ್ಟೂ ಒಳಗಿನ ಒತ್ತಡ ಹೆಚ್ಚುತ್ತದೆಯೇ ಹೊರತು ದಾರಿ ತೆರೆಯುವುದಿಲ್ಲ.

ಈ ಒತ್ತಡವೇ ರೋಗದ ತಿರುಳು ಎಂಬುದು ಸ್ಪಷ್ಟವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಮೂತ್ರಪಿಂಡದೊಳಗಿನ ಬಟ್ಟಲಿನಲ್ಲಿ ಒತ್ತಡ ಮಿತಿಮೀರಿದಾಗ ಅಲ್ಲಿರುವ ದ್ರವ ಅಭಿಧಮನಿಗಳಿಗೆ ಹಿಮ್ಮುಖವಾಗಿ ನುಗ್ಗುತ್ತದೆ ಎಂಬುದನ್ನು ಅಮೆರಿಕದ ಫ್ರಾಂಕ್ ಹಿನ್‌ಮನ್ ಮತ್ತು ಲೀ-ಬ್ರೌನ್ 1924ರಲ್ಲಿ ವಿವರಿಸಿದರು. ಸೋಂಕಿತ ಮೂತ್ರವು ಹೀಗೆ ನೇರವಾಗಿ ರಕ್ತ ಸೇರುತ್ತಿರುವಾಗಲೇ, ಕಟ್ಟಿಕೊಂಡ ಮೂತ್ರಪಿಂಡದ ಶೋಧನೆ ಕುಗ್ಗಿರುವುದರಿಂದ ಅಭಿಧಮನಿಯ ಮೂಲಕ ಕೊಟ್ಟ ಆಂಟಿಬಯಾಟಿಕ್ ಅಲ್ಲಿನ ಕೀವಿಗೆ ಬೇಕಾದ ಪ್ರಮಾಣದಲ್ಲಿ ತಲುಪುವುದಿಲ್ಲ. ಔಷಧಿಯೊಂದರಿಂದಲೇ ಈ ರೋಗ ಬಗ್ಗದಿರುವುದಕ್ಕೆ ಕಾರಣ ಇದು. ಹರಳಿನ ಕೆಳಗಿನ ಮೂತ್ರಕೋಶದಿಂದ ತೆಗೆದ ಮೂತ್ರದ ಪರೀಕ್ಷೆಯಲ್ಲಿ ಏನೂ ಸಿಗದೆ, ಮೇಲ್ಭಾಗದಲ್ಲಿ ಕೀವೇ ತುಂಬಿರುವ ಪ್ರಸಂಗಗಳೂ ನಡುವಿನ ದಾರಿ ಕಟ್ಟಿರುವುದರಿಂದಲೇ ಉಂಟು.

ಚಿಕಿತ್ಸೆಯ ಇತಿಹಾಸವಾದರೋ ಬಹುಕಾಲ ಕಲ್ಲಿನ ಬೆನ್ನುಹತ್ತಿದ ಇತಿಹಾಸ. ಸುಶ್ರುತ ಸಂಹಿತೆಯು ಅಶ್ಮರಿಯನ್ನು ಎಂಟು ಮಹಾರೋಗಗಳಲ್ಲಿ ಒಂದೆಂದು ಎಣಿಸಿ, ಮೂತ್ರಕೋಶದ ಕಲ್ಲನ್ನು ಗುದದ ಮುಂಭಾಗದಲ್ಲಿ ಕೊಯ್ದು ತೆಗೆಯುವ ವಿಧಾನವನ್ನು ಹೇಳುತ್ತದೆ; ಅದೇ ಗ್ರಂಥ ಪಕ್ವವಾದ ಕುರುವನ್ನು ಸೀಳಿ ಕೀವು ಹರಿಸಬೇಕೆಂದೂ ವಿಧಿಸುತ್ತದೆ. ಈ ಎರಡು ವಿಚಾರಗಳು ಒಂದೇ ರೋಗಿಯ ದೇಹದಲ್ಲಿ ಸಂಧಿಸಲು, ಅಂದರೆ ಕಲ್ಲು ಕಟ್ಟಿದ ಮೂತ್ರಪಿಂಡವನ್ನು ಕಲ್ಲಿನ ರೋಗವೆಂಬುದಕ್ಕಿಂತ ಮೊದಲು ಕುರುವೆಂದು ನೋಡಲು, ಎರಡು ಸಾವಿರ ವರ್ಷಗಳ ಹತ್ತಿರದ ಕಾಲ ಬೇಕಾಯಿತು. ಲಂಡನ್ನಿನ ಥಾಮಸ್ ಹಿಲಿಯರ್ 1865ರಲ್ಲಿ ಮಗುವೊಂದರ ಊದಿದ ಮೂತ್ರಪಿಂಡದ ದ್ರವವನ್ನು ಚರ್ಮದ ಮೂಲಕ ಚುಚ್ಚಿ ಹೊರತೆಗೆದಿದ್ದರೂ ಅದು ಪದ್ಧತಿಯಾಗಿ ಬೆಳೆಯಲಿಲ್ಲ. ಹೈಡೆಲ್‌ಬರ್ಗಿನ ಗುಸ್ತಾವ್ ಸೈಮನ್ 1869ರಲ್ಲಿ ಮೂತ್ರಪಿಂಡವನ್ನೇ ತೆಗೆದುಹಾಕಿ ರೋಗಿಯನ್ನು ಉಳಿಸಿದ ಮೇಲೆ ಶಸ್ತ್ರವೈದ್ಯರ ಗಮನವೆಲ್ಲ ದೊಡ್ಡ ಕೊಯ್ತದ ಕಡೆಗೇ ಹರಿಯಿತು. ಅರ್ಧ ಸತ್ತ ರೋಗಿಗೆ ಪೂರ್ಣ ಅರಿವಳಿಕೆ ಕೊಟ್ಟು ಪಕ್ಕೆ ಸೀಳುವುದು ಎಂಥ ಪಣವೆಂಬುದನ್ನು ಊಹಿಸಿಕೊಳ್ಳಬಹುದು.

ಮರೆತುಹೋದ ಸೂಜಿ ಮರಳಿ ಬಂದದ್ದು 1955ರಲ್ಲಿ. ಲಾಸ್ ಏಂಜಲಿಸ್‌ನ ವಿಲ್ಲರ್ಡ್ ಗುಡ್‌ವಿನ್ ಮತ್ತು ಸಹೋದ್ಯೋಗಿಗಳು ಬೆನ್ನಿನ ಕಡೆಯಿಂದ ಮೂತ್ರಪಿಂಡದ ಬಟ್ಟಲಿಗೆ ಕೊಳವೆ ಇಳಿಸಿ ಮೂತ್ರವನ್ನು ಹೊರಗಿನ ಚೀಲಕ್ಕೆ ಹರಿಸಿದ ವಿವರವನ್ನು ಪ್ರಕಟಿಸಿದರು, ಇದೇ ನೆಫ್ರಾಸ್ಟಮಿ. ಮೊದಲು ಸೂಜಿ, ಸೂಜಿಯೊಳಗಿಂದ ತಂತಿ, ತಂತಿಯ ಮೇಲೆ ಕೊಳವೆ ಎಂಬ, 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ರಕ್ತನಾಳಗಳಿಗಾಗಿ ರೂಪಿಸಿದ್ದ ಕ್ರಮವೂ, ಮುಂದೆ ಬಂದ ಅಲ್ಟ್ರಾಸೌಂಡ್ ಸ್ಕ್ಯಾನೂ ಸೇರಿಕೊಂಡಾಗ ಈ ಕೆಲಸ ಕೇವಲ ಚುಚ್ಚಿದ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು, ಅಗತ್ಯಬಿದ್ದರೆ ರೋಗಿಯ ಹಾಸಿಗೆಯ ಪಕ್ಕದಲ್ಲೇ ಮಾಡುವಷ್ಟು ಹಗುರವಾಯಿತು. ರಾಜ್ಯ ಏಕೀಕರಣದ ಮರುವರ್ಷ, 1957ರಲ್ಲಿ, ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ತೆರೆದಾಗ ಗುಡ್‌ವಿನ್ನರ ಲೇಖನಕ್ಕೆ ಇನ್ನೂ ಎರಡೇ ವರ್ಷ ವಯಸ್ಸಾಗಿತ್ತು.

ಎರಡನೆಯ ದಾರಿ ಕೆಳಗಿನಿಂದ ಮೇಲಕ್ಕೆ ಹೋಗುವಂಥದ್ದು. ನಿಟ್ಜೆಯವರ ದರ್ಶಕನಳಿಕೆ ಹತ್ತೊಂಬತ್ತನೆಯ ಶತಮಾನದ ಕೊನೆಗೇ ಮೂತ್ರಕೋಶದ ಒಳಗನ್ನು ಕಾಣಿಸಿತ್ತಾದರೂ, ಅದರ ಮೂಲಕ ಹರಳನ್ನು ದಾಟಿಸಿ ಒಳಗೇ ಬಿಡಬಹುದಾದ ಸಿಲಿಕೋನ್ ನಳಿಕೆಯನ್ನು ಜಿಮ್ಸ್‌ಕಿಂಡ್ ವರದಿ ಮಾಡಿದ್ದು 1967ರಲ್ಲಿ. ಜಾರಿ ಬೀಳುತ್ತಿದ್ದ ಆ ನಳಿಕೆಯ ಎರಡೂ ತುದಿಗಳನ್ನು ಕೊಕ್ಕೆಯಂತೆ ಬಾಗಿಸಿ ಫಿನ್ನಿ 1978ರಲ್ಲಿ ಪ್ರಕಟಿಸಿದ ಡಬಲ್ ಜೆ ಸ್ಟೆಂಟ್ ಇಂದು ನಮ್ಮಲ್ಲಿ ಡಿಜೆ ಸ್ಟೆಂಟ್ ಎಂಬ ಹೆಸರಿನಿಂದ ರೋಗಿಗಳಿಗೂ ಪರಿಚಿತ.

ಬೆನ್ನಿನ ಕೊಳವೆಯೋ ಒಳಗಿನ ಸ್ಟೆಂಟೋ ಎಂಬ ವಾದಕ್ಕೆ ಪರ್ಲ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ, 42 ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪಾಗಿಸಿದ ಅಧ್ಯಯನ ಒಂದು ಉತ್ತರ ಕೊಟ್ಟಿತು: ಜ್ವರ ಇಳಿಯಲು ಕೊಳವೆಯವರಿಗೆ ಸರಾಸರಿ 2.3 ದಿನ, ಸ್ಟೆಂಟಿನವರಿಗೆ 2.6 ದಿನ, ಅಂದರೆ ಹೇಳಿಕೊಳ್ಳುವ ಅಂತರವಿಲ್ಲ. ಅಧ್ಯಯನ ಚಿಕ್ಕದು, ಆದರೆ ಅದರ ಬೆಲೆ ದೊಡ್ಡದು, ಏಕೆಂದರೆ ಯಾವ ಸಲಕರಣೆ ಮತ್ತು ಯಾವ ಕೈ ಮೊದಲು ಒದಗುತ್ತದೋ ಅದನ್ನೇ ಬಳಸಲು ಅದು ವೈದ್ಯರಿಗೆ ಧೈರ್ಯ ನೀಡಿತು. ಒತ್ತಡ ಇಳಿಸದೆ ಬಿಟ್ಟರೆ ಏನಾಗುತ್ತದೆಂಬ ಪ್ರಶ್ನೆಗೆ ಉತ್ತರ ಅಮೆರಿಕದ ಆಸ್ಪತ್ರೆ ದಾಖಲೆಗಳಿಂದ ಬಂತು. ಬೊರೊಫ್‌ಸ್ಕಿ ಮತ್ತಿತರರು 2013ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಹರಳಿನೊಂದಿಗೆ ಸೆಪ್ಸಿಸ್ ಇದ್ದು ಒತ್ತಡ ಇಳಿಸದೆ ಉಳಿದವರ ಪೈಕಿ ಶೇ. 19.2 ಮಂದಿ ಸತ್ತಿದ್ದರೆ, ಇಳಿಸಿದವರಲ್ಲಿ ಸಾವು ಶೇ. 8.82 ಮಾತ್ರ. ಇಂಥ ದಾಖಲೆಗಳಲ್ಲಿ ತೀರ ಕೈಮೀರಿದವರನ್ನು ಚಿಕಿತ್ಸೆಗೇ ಒಯ್ಯದಿರುವ ಸಾಧ್ಯತೆಯೂ ಅಡಗಿರುತ್ತದೆಂಬುದನ್ನು ಮರೆಯಬಾರದು, ಆದರೂ ಅಂಕಿಗಳ ದಿಕ್ಕು ನಿಸ್ಸಂದಿಗ್ಧ.

ಈ ದೃಷ್ಟಿಯಿಂದ ನೋಡಿದರೆ ಮಾಳಮಡ್ಡಿಯ ರೋಗಿಯ ಅದೃಷ್ಟ ಕೆಟ್ಟದ್ದಲ್ಲ. ಊರೊಳಗೇ ಜಿಲ್ಲಾ ಆಸ್ಪತ್ರೆ, ಹುಬ್ಬಳ್ಳಿಯ ದಾರಿಯಲ್ಲಿ ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜು, ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಜನ ಇಂದಿಗೂ ಕಿಮ್ಸ್ ಎನ್ನುವ ಹುಬ್ಬಳ್ಳಿಯ ಕಾಲೇಜು ಆಸ್ಪತ್ರೆ, 2008ರಿಂದ ರಾಜ್ಯದಲ್ಲಿ ಓಡುತ್ತಿರುವ 108 ಆಂಬ್ಯುಲೆನ್ಸ್ ಇವೆಲ್ಲ ಇರುವಾಗ ದೂರವು ತಡೆಯಲ್ಲ. ಜ್ವರವನ್ನು ಬರಿಯ ಜ್ವರವೆಂದು ತಿಳಿದು ಮಾತ್ರೆ ನುಂಗಿ ಕಳೆಯುವ ಎರಡು ದಿನವೇ ತಡೆ. ಮಧುಮೇಹಿಗಳಲ್ಲಿ, ಗರ್ಭಿಣಿಯರಲ್ಲಿ, ಒಂದೇ ಮೂತ್ರಪಿಂಡ ಇರುವವರಲ್ಲಿ ಆ ಎರಡು ದಿನ ಇನ್ನೂ ದುಬಾರಿ.

ಒತ್ತಡ ಇಳಿದ ದಿನವೇ ಕಲ್ಲನ್ನೂ ತೆಗೆದುಬಿಡಬಾರದೇಕೆ ಎಂದು ಮನೆಯವರು ಕೇಳುವುದು ಸಹಜ. ಸೋಂಕಿನ ನಡುವೆ ಹರಳು ಒಡೆಯಲು ನೀರು ಹಾಯಿಸಿದರೆ ಒಳಗಿನ ಒತ್ತಡ ಮತ್ತೆ ಏರಿ ನಂಜು ರಕ್ತಕ್ಕೆ ನುಗ್ಗುವುದರಿಂದ, ಇಂದಿನ ಮಾರ್ಗಸೂಚಿಗಳು ಮೊದಲ ದಿನ ಕೀವು ಹರಿಸಿ, ಆ ಕೀವಿನ ಕಲ್ಚರ್ ಪರೀಕ್ಷೆಗೆ ತಕ್ಕಂತೆ ಆಂಟಿಬಯಾಟಿಕ್ ಮುಗಿಸಿ, ಸೋಂಕು ಪೂರ್ತಿ ಆರಿದ ಮೇಲಷ್ಟೇ ಲೇಸರ್‌ನಿಂದಲೋ ಬೇರೆ ವಿಧಾನದಿಂದಲೋ ಹರಳಿಗೆ ಕೈ ಹಾಕಲು ಹೇಳುತ್ತವೆ. ಹಲವು ಆಂಟಿಬಯಾಟಿಕ್‌ಗಳಿಗೆ ಬಗ್ಗದ ರೋಗಾಣುಗಳು ದೇಶದ ತುಂಬ ಹಬ್ಬಿರುವಾಗ ಕಲ್ಚರ್ ವರದಿಗೆ ಕಾಯುವುದು ಕಾಲಹರಣವಲ್ಲ. ತೊಡಕು ಇರುವುದು ಇನ್ನೊಂದು ಕಡೆ: ನೋವು ಹೋಯಿತು, ಜ್ವರ ಹೋಯಿತು ಎಂದು ಮನೆ ಸೇರಿದ ರೋಗಿ ಎರಡನೆಯ ಭೇಟಿಗೆ ಬಾರದೆ ಹೋದರೆ, ಕೆಲವು ವಾರಗಳಿಂದ ಮೂರು ತಿಂಗಳ ಒಳಗೆ ತೆಗೆಯಬೇಕಾದ ಸ್ಟೆಂಟ್ ಒಳಗೇ ಉಳಿದು, ಅದರ ಮೈಮೇಲೆಲ್ಲ ಲವಣ ಕಟ್ಟಿ, ಕಲ್ಲಿನ ದಾರಿ ಬಿಡಿಸಲು ಹಾಕಿದ ನಳಿಕೆಯೇ ಕಲ್ಲಾಗುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಸ್ಟೆಂಟ್ ತೆಗೆಸಬೇಕಾದ ದಿನಾಂಕವನ್ನು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆದುಕೊಡುವುದು ಈ ಚಿಕಿತ್ಸೆಯ ಕೊನೆಯ, ಖರ್ಚಿಲ್ಲದ ಹಂತ.