ಸೈಕಲ್ಲಿನ ಹಾದಿ ಯಾರದು?

ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಸೈಕಲ್ಲಿಗೆಂದೇ ಗೆರೆ ಎಳೆದ ಹಾದಿಯನ್ನು ನಾನು ಕಂಡವನಲ್ಲ. ಡಾಂಬರಿನ ಅಂಚಿನ ಒಂದೆರಡು ಮೊಳ ಜಾಗವೇ ಇಲ್ಲಿ ಅದರ ಹಾದಿ. ಚಕ್ಕಡಿ, ಕುರಿಹಿಂಡು, ಶಾಲೆಯ ಮಕ್ಕಳು ಎಲ್ಲರೂ ಅದರ ಪಾಲುದಾರರು. ಈಗ ವಿದ್ಯುತ್ ಮೋಟಾರು ಸೈಕಲ್ಲೂ ಆ ಅಂಚಿಗೆ ಬರುತ್ತಿದೆ. ಹೊಗೆಯಿಲ್ಲ, ಸಪ್ಪಳವಿಲ್ಲ, ಇದೂ ಸೈಕಲ್ಲಿನ ತಂಗಿಯೇ ಅಲ್ಲವೆ, ಇರಲಿ ಬಿಡಿ ಎನ್ನುವವರುಂಟು. ಒಪ್ಪುವ ಮೊದಲು ಹಳೆಯ ಕಾಯಿದೆಗಳನ್ನು ತುಸು ತಿರುವಿ ನೋಡೋಣ.

ಈ ಸೀಮೆ ಮುಂಬಯಿ ಇಲಾಖೆಗೆ ಸೇರಿದ್ದಾಗ, ೧೯೧೪ರಲ್ಲಿ, ಇಡೀ ದೇಶಕ್ಕೆಂದು ಮೋಟಾರು ಕಾಯಿದೆಯೊಂದು ಬಂತು. ಯಂತ್ರಬಲದಿಂದಾಗಲಿ ವಿದ್ಯುತ್ತಿನಿಂದಾಗಲಿ ರಸ್ತೆಯ ಮೇಲೆ ಓಡುವುದೆಲ್ಲ ಅದರ ಕಣ್ಣಿಗೆ ಮೋಟಾರೇ. ನಮ್ಮ ಹಳ್ಳಿಗಳು ಕಂದೀಲಿನ ಬೆಳಕಿನಲ್ಲಿದ್ದಾಗಲೇ ಕಾಯಿದೆ ಬರೆದವರು ಇಷ್ಟು ಮುಂದಿನದನ್ನು ಯೋಚಿಸಿದ್ದರೆಂಬುದು ನನಗೆ ಸೋಜಿಗ. ೧೯೮೯ರ ರಸ್ತೆ ನಿಯಮಗಳು, ಸೈಕಲ್ಲಿಗೆ ಬೇರೆ ಹಾದಿಯಿದ್ದಲ್ಲಿ ಸಮವಸ್ತ್ರದ ಪೊಲೀಸನ ಅಪ್ಪಣೆಯಿಲ್ಲದೆ ಮೋಟಾರು ಅಲ್ಲಿ ಹೋಗತಕ್ಕದ್ದಲ್ಲವೆಂದವು. ಮುಂದೆ ಕೇಂದ್ರ ನಿಯಮಗಳಲ್ಲಿ ಒಂದು ಕಿರುಬಾಗಿಲು ತೆರೆಯಿತು: ೨೫೦ ವ್ಯಾಟಿಗಿಂತ ಕಡಿಮೆ ಬಲ, ಗಂಟೆಗೆ ೨೫ ಕಿಲೋಮೀಟರಿಗಿಂತ ಕಡಿಮೆ ವೇಗ, ಬ್ಯಾಟರಿ ಬಿಟ್ಟು ೬೦ ಕಿಲೋ ಮೀರದ ತೂಕ ಇದ್ದರೆ ಅದು ಮೋಟಾರು ವಾಹನವಲ್ಲ. ಬೆಲೆ ಕಟ್ಟಿದ್ದು ವೇಗಕ್ಕೆ, ತೂಕಕ್ಕೆ; ಹೊಗೆಗಲ್ಲ.

ಸೈಕಲ್ಲಿನ ನಾಡಾದ ಹಾಲಂಡಿನಲ್ಲಿಯೂ ಈ ಜಗಳ ನಡೆಯಿತು. ೧೯೯೯ರ ಡಿಸೆಂಬರಿನಲ್ಲಿ ಊರೊಳಗಿನ ಮೊಪೆಡ್ಡುಗಳನ್ನು ದೊಡ್ಡ ರಸ್ತೆಗೆ ಕಳಿಸಿದರು. ೨೫ ಕಿಲೋಮೀಟರಿನ ಹಗುರ ಮೊಪೆಡ್ಡುಗಳು ಉಳಿದುಕೊಂಡವು. ೨೦೧೯ರಲ್ಲಿ ಆಮ್‌ಸ್ಟರ್‌ಡಾಮ್ ನಗರ ಅವಕ್ಕೂ ಹೆಲ್ಮೆಟ್ಟು ತೊಡಿಸಿ ಹೊರಗೆ ಕಳಿಸಿತು.

ಅಲ್ಲಿ ಇಲ್ಲದ್ದು ನಮ್ಮಲ್ಲಿ ಒಂದುಂಟು: ಎರೆಮಣ್ಣು. ರೋಣ, ನರಗುಂದದ ಕಡೆ ಒಂದು ಮಳೆ ಬಿದ್ದರೆ ಸಾಕು, ಡಾಂಬರು ಬಿಟ್ಟಿಳಿದ ಸೈಕಲ್ಲಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಗಿಡಿದು ಗಾಲಿ ತಿರುಗುವುದಿಲ್ಲ. ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು ನಡೆದವರನ್ನು ನಾನು ಕಂಡಿದ್ದೇನೆ. ಗಜೇಂದ್ರಗಡದ ಗುಡ್ಡದ ಮಗ್ಗುಲಲ್ಲಿ ಈ ಪಾಡು ಅಷ್ಟಿಲ್ಲ. ೨೦೦೬-೦೭ರಲ್ಲಿ ಸರಕಾರ ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ಲು ಕೊಡಲು ತೊಡಗಿದ ಮೇಲೆ ಹಳ್ಳಿಯ ಹುಡುಗಿಯರೂ ಇದೇ ಅಂಚಿನಲ್ಲಿ ತುಳಿಯುತ್ತ ಶಾಲೆಗೆ ಹೋದರು. ಪೆಟ್ರೋಲಿನ ಗಾಡಿ ಹಿಂದಿನಿಂದ ಬಂದರೆ ಸಪ್ಪಳವಾದರೂ ಕೇಳೀತು. ವಿದ್ಯುತ್ತಿನದು ಮಗ್ಗುಲಿಗೆ ಬಂದಾಗಲೇ ಗೊತ್ತು. ಬೆಚ್ಚಿ ಬದಿಗೆ ಸರಿದರೆ ಎರೆಯ ಕೆಸರೇ ಗತಿ.

ಆದಕಾರಣ ಕಾಯಿದೆ ಬಿಟ್ಟುಕೊಟ್ಟ ಸಣ್ಣ ಬ್ಯಾಟರಿ ಬಂಡಿ ಅಂಚಿನಲ್ಲಿ ಹೋಗಲಿ. ಹಸಿರು ನಂಬರ್ ಫಲಕ ಹೊತ್ತ ಮೋಟಾರು ಸೈಕಲ್ಲು ಬೇಡ. ನರಗುಂದವನ್ನು ಹಾಯುವ ಹುಬ್ಬಳ್ಳಿ-ವಿಜಯಪುರ ರಸ್ತೆಯಲ್ಲಿ ಅದನ್ನು ಲಾರಿಗಳ ನಡುವೆ ನೂಕುವುದೆ ಎಂದು ಕೇಳುತ್ತಾರೆ. ಲಾರಿಯ ವೇಗಕ್ಕೆ ಸಮನಾಗಿ ಓಡುವ ಶಕ್ತಿ ಅದಕ್ಕುಂಟು, ಶಾಲೆಯ ಹುಡುಗಿಗಿಲ್ಲ. ಗೆರೆ ಎಳೆಯುವುದಾದರೆ ಈ ಎರೆಯ ನೆಲದಿಂದಲೇ ತೊಡಗಲಿ, ಅದೂ ಮಳೆಗಾಲಕ್ಕೆ ಮುಂಚೆ.