ಮನೆಸಾಮಾನು ಸಾಗಣೆ ಮತ್ತು ಸುಂಕ (ಲಾಸ್ ಏಂಜಲೀಸ್–ಸ್ಯಾನ್ ಡಿಯಾಗೊ)

ಬೇರೆ ದೇಶದಿಂದ ಬಂದು ನೆಲೆಸುವವರು ಹಡಗಿನಲ್ಲಿ ತರಿಸುವ ಮನೆಸಾಮಾನಿಗೆ ಅಮೆರಿಕದ ಸುಂಕ ಇಲಾಖೆ ವಿನಾಯಿತಿ ನೀಡುತ್ತದೆ. ಪೀಠೋಪಕರಣ, ಪಾತ್ರೆ, ಪುಸ್ತಕಗಳನ್ನು ವಿದೇಶದಲ್ಲಿ ಕನಿಷ್ಠ 1 ವರ್ಷ ಬಳಸಿರಬೇಕು. ಆ ವರ್ಷ ಸತತವಾಗಿರಬೇಕೆಂದಿಲ್ಲ. ಘೋಷಣೆಗೆ 3299 ಸಂಖ್ಯೆಯ ನಮೂನೆಯಿದೆ. ಮಾರಾಟಕ್ಕೆ ತಂದ ಸರಕಿಗೆ ಈ ಸೌಲಭ್ಯವಿಲ್ಲ.

ಬೆಂಗಳೂರಿನ ಸಾಮಾನು ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೋದಿಂದ ಹೊರಟು ಚೆನ್ನೈ ಮೂಲಕ ಹಡಗೇರಬಹುದು. ಸ್ಯಾನ್ ಡಿಯಾಗೊಗೂ ಬಂದರಿದೆ; ಆದರೂ ಅಲ್ಲಿಗೆ ಹೋಗುವ ಪೆಟ್ಟಿಗೆಗಳು ಸಾಮಾನ್ಯವಾಗಿ ಸ್ಯಾನ್ ಪೆಡ್ರೊ ಕೊಲ್ಲಿಯ ಲಾಸ್ ಏಂಜಲೀಸ್ ಅಥವಾ ಲಾಂಗ್ ಬೀಚ್ ಬಂದರಿನಲ್ಲಿ ಇಳಿದು, ಲಾರಿಯಲ್ಲಿ ದಕ್ಷಿಣಕ್ಕೆ ಸಾಗುತ್ತವೆ.

ತೊಡಕು ಹೆಚ್ಚಾಗಿ ಅಡುಗೆಮನೆಯದ್ದೇ. ಬೀಜ, ಕರಿಬೇವು, ಮಣ್ಣು ಮೆತ್ತಿದ ವಸ್ತುಗಳನ್ನು ಕೃಷಿ ತಪಾಸಕರು ತಡೆಯುತ್ತಾರೆ. ಧಾನ್ಯ ತಿನ್ನುವ ಖಾಪ್ರಾ ಕೀಟದ ಭಯದಿಂದ 2011ರಿಂದ ಭಾರತದ ಅಕ್ಕಿಯನ್ನು ಮನೆಬಳಕೆಗೆ ತರುವಂತಿಲ್ಲ. ಅಕ್ಕಿಯಂತೂ ಅಲ್ಲಿನ ಅಂಗಡಿಗಳಲ್ಲೇ ಧಾರಾಳವಾಗಿ ಸಿಗುತ್ತದೆ. ಪೆಟ್ಟಿಗೆಯ ಸಾಮಾನಿನ ಪಟ್ಟಿಯಲ್ಲಿ ಬರೀ ‘ಮನೆಸಾಮಾನು’ ಎಂದು ಬರೆದರೆ ಅನುಮಾನಕ್ಕೆ ದಾರಿ. ಕಂಟೇನರ್ ತಪಾಸಣೆಗೆ ಹೋದರೆ ಸಾಗಣೆ, ಬಿಚ್ಚುವಿಕೆಯ ಖರ್ಚು ಮಾಲೀಕರ ತಲೆಗೇ ಬೀಳುತ್ತದೆ. ಸುಂಕವಿಲ್ಲವೆಂದರೆ ಖರ್ಚೇ ಇಲ್ಲವೆಂದು ನಂಬಿದವರಿಗೆ ಬಂದರಿನ ಬಾಡಿಗೆಯ ಬಿಲ್ಲು ಬೇರೆ ಕಾದಿರುತ್ತದೆ.